ಮದುವೆಯ ಸಿಹಿಮೇಜು: ಯಾತಕ್ಕಾಗಿ, ಯಾರಿಗಾಗಿ?

ಮದುವೆಯ ಮಾತು ಗಟ್ಟಿಯಾದ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಬೇಡಿಕೆ ಕೇಳಿಬರುತ್ತಿದೆ. ಸತ್ಕಾರಕೂಟದ ಸಭಾಂಗಣದ ಒಂದು ಮಗ್ಗುಲಲ್ಲಿ ಉದ್ದನೆಯ ಮೇಜು. ಅದರ ಮೇಲೆ ಬಿಳಿಯ ಹಾಸು. ಗಾಜಿನ ಭರಣಿಗಳಲ್ಲಿ ಬಣ್ಣಬಣ್ಣದ ಪೆಪ್ಪರಮೆಂಟು, ಚಾಕೊಲೇಟು, ಜೆಲ್ಲಿ, ಮಿಠಾಯಿ. ಪಕ್ಕದಲ್ಲಿ ಕಾಗದದ ಪುಟ್ಟ ಚೀಲಗಳು. ಬಂದವರು ತಮಗೆ ಬೇಕಾದುದನ್ನು ತಾವೇ ತುಂಬಿಕೊಂಡು ಹೋಗಬೇಕು. ನಗರದವರು ಇದನ್ನು ‘ಕ್ಯಾಂಡಿ ಬಫೆ’ ಎನ್ನುತ್ತಾರೆ. ದೊಡ್ಡ ಊರುಗಳ ಮದುವೆ ಮಂಟಪಗಳಲ್ಲಿ ಮೊದಲು ಕಂಡ ಈ ಪದ್ಧತಿ ಈಗ ಹಾಸನವನ್ನು ದಾಟಿ ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಡೆಗೂ ಕಾಲಿಟ್ಟಿದೆ.

ಹಿರಿಯರಲ್ಲಿ ಹಲವರು ಇದನ್ನು ಕಂಡು ಹುಬ್ಬುಗಂಟಿಕ್ಕುತ್ತಾರೆ. “ಊಟ ಹಾಕಿ ಎಲೆ ಅಡಿಕೆ ಕೊಟ್ಟು ಕಳುಹಿಸುವುದನ್ನು ಬಿಟ್ಟು ಪೆಪ್ಪರಮೆಂಟು ಹಂಚುವುದೇ?” ಎಂಬುದು ಅವರ ಪ್ರಶ್ನೆ. “ಬಾಳಿನಲ್ಲಿ ಒಮ್ಮೆ ಬರುವ ದಿನ, ಇಷ್ಟಾದರೂ ಬೇಡವೇ?” ಎಂಬುದು ಯುವಜನರ ಉತ್ತರ. ಇವರಿಬ್ಬರ ನಡುವೆ ಹೆಣ್ಣಿನ ತಂದೆ ಲೆಕ್ಕದ ಪುಸ್ತಕ ಹಿಡಿದು ಮೌನವಾಗಿ ಕುಳಿತಿರುತ್ತಾನೆ. ವಿವಾಹ ಘೋಷಣೆಗೆ ಹೆಸರು ಬರೆಸಲು ಗುರುಮನೆಗೆ ಬರುವ ಕುಟುಂಬಗಳು ಈಗೀಗ ಈ ವಿಷಯವನ್ನೂ ನಮ್ಮ ಮುಂದೆ ಇಡುವುದುಂಟು. ಮಿಠಾಯಿಯ ಮಾತಿನಲ್ಲಿ ಗುರುಗಳಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಮನೆಯ ಶಾಂತಿ, ಮನೆಯ ಸಾಲ ಎರಡೂ ಸೇರಿಕೊಂಡಿರುವ ಯಾವ ವಿಷಯವೂ ಗುರುಮನೆಗೆ ಹೊರತಾದುದಲ್ಲವೆಂದು ನಾವು ಭಾವಿಸಿದ್ದೇವೆ. ಆದ್ದರಿಂದ ಈ ವಾರ ಅದನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಹೋಗಿ ಬಂದ ಹೆಸರು

ಮೊದಲು ಒಂದು ಮಾತು. ‘ಕ್ಯಾಂಡಿ’ ಎಂಬುದು ಪರದೇಶದ ಸರಕೆಂದು ನಾವು ದೂರುವಂತಿಲ್ಲ. ಸಂಸ್ಕೃತದ ‘ಖಂಡ’ ಶಬ್ದಕ್ಕೆ ತುಂಡು ಎಂಬುದರ ಜೊತೆಗೆ ಹರಳುಗಟ್ಟಿದ ಸಕ್ಕರೆಯ ತುಂಡು ಎಂಬ ಅರ್ಥವೂ ಇದೆ. ಅದು ಪಾರಸೀಕರ ಬಾಯಲ್ಲಿ ‘ಕಂದ್’ ಆಯಿತು. ಅರಬರ ಮೂಲಕ ಯುರೋಪಿಗೆ ಹೋಗಿ ಫ್ರೆಂಚರ ‘ಕಾಂದಿ’ ಆಯಿತು. ಅಲ್ಲಿಂದ ಇಂಗ್ಲಿಷಿನ ‘ಕ್ಯಾಂಡಿ’ಯಾಗಿ ನಮ್ಮ ಮದುವೆಯ ಮೇಜಿಗೆ ಮರಳಿದೆ. ‘ಶರ್ಕರಾ’ ಎಂಬ ಶಬ್ದವೂ ಇದೇ ದಾರಿಯಲ್ಲಿ ನಡೆದು ‘ಶುಗರ್’ ಆಯಿತು. ತವರಿನಿಂದ ಬರಿಗೈಯಲ್ಲಿ ಹೋದ ಮಗಳು ಒಡವೆ ತೊಟ್ಟು ಮರಳಿ ಬಂದರೆ ಗುರುತು ಹಿಡಿಯಲು ನಮಗೆ ಒಂದು ಗಳಿಗೆ ಬೇಕಾಗುತ್ತದೆ, ಅಷ್ಟೆ.

ಮದುವೆಯಲ್ಲಿ ಸಕ್ಕರೆಯ ತಿನಿಸನ್ನು ಅತಿಥಿಗಳ ಕೈಗಿಡುವ ರೂಢಿಯೂ ನಿನ್ನೆ ಮೊನ್ನೆಯದಲ್ಲ. ಕಥೋಲಿಕ ದೇಶವಾದ ಇಟಲಿಯಲ್ಲಿ ಬಾದಾಮಿಗೆ ಸಕ್ಕರೆಯ ಹೊದಿಕೆ ಕೊಟ್ಟು ಮಾಡಿದ ‘ಕಾನ್‌ಫೆತ್ತಿ’ಯನ್ನು ಮದುವೆಗೆ ಬಂದವರಿಗೆ ಕೊಡುತ್ತಾರೆ. ಸುಲ್ಮೋನಾ ಎಂಬ ಪಟ್ಟಣ ಅದಕ್ಕೆ ಹೆಸರುವಾಸಿ. ಪ್ರತಿಯೊಬ್ಬರಿಗೂ ಐದೇ ಬಾದಾಮಿ: ಆರೋಗ್ಯ, ಸಂಪತ್ತು, ಸಂತೋಷ, ಸಂತಾನ, ದೀರ್ಘಾಯುಷ್ಯ ಎಂಬ ಐದು ಹಾರೈಕೆಗಳಿಗೆ ಒಂದೊಂದರಂತೆ. ಬಾದಾಮಿಯ ಒಳಗಿನ ತುಸು ಕಹಿ, ಹೊರಗಿನ ಸಿಹಿ ಎರಡೂ ದಾಂಪತ್ಯದ ಗುರುತೆಂದು ಅಲ್ಲಿಯ ಹಿರಿಯರು ಹೇಳುವುದುಂಟು. ನಮ್ಮ ಜಾತ್ರೆಗಳ ಬೆಂಡು ಬತ್ತಾಸು, ಸಂಕ್ರಾಂತಿಯಂದು ನೆರೆಮನೆಯವರು ನಮ್ಮ ಮಕ್ಕಳ ಕೈಗಿಡುವ ಸಕ್ಕರೆ ಅಚ್ಚು, ಕ್ರಿಸ್ಮಸ್ಸಿಗೆ ನಾವು ಅವರಿಗೆ ಕಳುಹಿಸುವ ಕಲ್‌ಕಲ್ ಮತ್ತು ರೋಸ್ ಕುಕ್ಕಿ, ಇವೆಲ್ಲವೂ ಅದೇ ವಂಶದವು. ಸಕ್ಕರೆಗೆ ಪಡಿತರವಿದ್ದ ಕಾಲದಲ್ಲಿ ಮದುವೆ ಮನೆಯವರು ಹೆಚ್ಚುವರಿ ಸಕ್ಕರೆಗಾಗಿ ಕಚೇರಿಗೆ ಅರ್ಜಿ ಹಾಕಿ ಕಾಯುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಸಿಹಿ ಸುಲಭವಾಗಿ ಸಿಗದಿದ್ದಾಗ ಅದರ ಮಾತು ಬೇರೆಯಾಗಿತ್ತು. ಇಂದು ಅದು ಎಲ್ಲೆಲ್ಲೂ ಸಿಗುತ್ತದೆ. ಆದ್ದರಿಂದಲೇ ಇಂದು ವಿವೇಚನೆ ಹೆಚ್ಚು ಬೇಕಾಗಿದೆ.

ಒಂದು ಮನೆಯ ಮಾತು

ಅರಸೀಕೆರೆಯ ಕಡೆಯ ತೆಂಗಿನ ತೋಟದ ಒಂದು ಕುಟುಂಬದ ವಿಷಯ ಹೇಳುತ್ತೇವೆ, ಹೆಸರು ಬೇಡ. ಮಗಳಿಗೆ ಬೇಲೂರಿನ ಕಡೆಯ ಕಾಫಿ ತೋಟದ ಕೆಲಸಗಾರರ ಮನೆತನದಿಂದ ಸಂಬಂಧ ಕೂಡಿತು. ಹುಡುಗಿ ನಗರದ ಆಸ್ಪತ್ರೆಯಲ್ಲಿ ದಾದಿ. ಗೆಳತಿಯೊಬ್ಬಳ ಮದುವೆಯಲ್ಲಿ ಸಿಹಿಮೇಜನ್ನು ಕಂಡು ತನ್ನ ಮದುವೆಗೂ ಅದು ಬೇಕೆಂದಳು. ಆಯೋಜಕರೊಬ್ಬರು ಬಂದು ಚಿತ್ರಗಳನ್ನು ತೋರಿಸಿ ಬೆಲೆ ಹೇಳಿದರು. ತಂದೆ ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದರೆ ಅದು ಒಂದು ವರ್ಷದ ಕೊಬ್ಬರಿಯ ಹಣದ ದೊಡ್ಡ ಪಾಲನ್ನು ನುಂಗುವ ಬಾಬ್ತು. ಆದರೂ ಅವರು ಬೇಡವೆನ್ನಲಿಲ್ಲ. ಸಾಲಕ್ಕೆ ಯಾರನ್ನು ಕೇಳಬೇಕೆಂಬುದನ್ನು ಆಗಲೇ ನಿಶ್ಚಯಿಸಿಕೊಂಡಿದ್ದರು.

ತಾಯಿ, ಮಗಳನ್ನು ಕರೆದುಕೊಂಡು ಗುರುಮನೆಗೆ ಬಂದರು. “ಫಾದರ್, ನೀವೇ ಇವಳಿಗೆ ಬುದ್ಧಿ ಹೇಳಿ” ಎಂದರು. ಬುದ್ಧಿ ಹೇಳುವ ಮೊದಲು ನಾವು ಹುಡುಗಿಯನ್ನೇ ಕೇಳಿದೆವು: “ಮಗಳೇ, ಆ ಮೇಜು ನಿನಗೆ ಯಾತಕ್ಕೆ ಬೇಕು?” ಅವಳ ಉತ್ತರ ನಾವು ನಿರೀಕ್ಷಿಸಿದಂಥದಲ್ಲ. “ಫಾದರ್, ನಮ್ಮ ಕಡೆ ಕೇಕು ಕತ್ತರಿಸಿದಾಗ ಮುಂದಿನ ಸಾಲಿನವರಿಗೆ ತುಂಡು ಸಿಗುತ್ತದೆ. ತೋಟದ ಆಳುಮಕ್ಕಳು ಬಾಗಿಲ ಹತ್ತಿರ ನಿಂತು ನೋಡುತ್ತಿರುತ್ತಾರೆ. ಅಲ್ಲಿ ಆ ಮದುವೆಯಲ್ಲಿ ಮೇಜಿನ ಹತ್ತಿರ ಯಾರು ಬೇಕಾದರೂ ಹೋಗುತ್ತಿದ್ದರು. ಯಾರೂ ಯಾರನ್ನೂ ತಡೆಯಲಿಲ್ಲ” ಎಂದಳು.

ತಾಯಿ ಸುಮ್ಮನಾದರು. ನಾವೂ ಒಂದು ಕ್ಷಣ ಸುಮ್ಮನಾದೆವು. ಆ ಹುಡುಗಿ ಬಯಸಿದ್ದು ಭರಣಿಗಳನ್ನಲ್ಲ, ತಡೆಯಿಲ್ಲದ ಬಾಗಿಲನ್ನು. ಆಯೋಜಕರು ಬೆಲೆ ಕಟ್ಟಿದ್ದು ಮಾತ್ರ ಭರಣಿಗಳಿಗೆ.

ನಾಲ್ಕು ಪ್ರಶ್ನೆಗಳು

ಗುರುವಿದ್ಯಾಮಂದಿರದಲ್ಲಿ ತತ್ವಶಾಸ್ತ್ರದ ಮೊದಲ ಪಾಠಗಳಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಕಲಿಸುತ್ತಾರೆ. ಯಾವುದೇ ವಸ್ತುವನ್ನು ಅರಿಯಬೇಕಾದರೆ ಅದು ಯಾವುದರಿಂದ ಆಗಿದೆ, ಯಾವ ರೂಪದಲ್ಲಿದೆ, ಯಾರಿಂದ ಆಯಿತು, ಯಾತಕ್ಕಾಗಿ ಆಯಿತು ಎಂಬ ನಾಲ್ಕನ್ನೂ ಕೇಳಬೇಕು. ಕೊನೆಯ ಪ್ರಶ್ನೆಯೇ ಉಳಿದ ಮೂರಕ್ಕೂ ದಾರಿ ತೋರಿಸುವಂಥದು. ಅಂಗಡಿಯವರು ನಮ್ಮನ್ನು ಮೊದಲನೆಯ ಪ್ರಶ್ನೆಯಿಂದ ಆರಂಭಿಸುವಂತೆ ಮಾಡುತ್ತಾರೆ: ಯಾವ ಮಿಠಾಯಿ, ಯಾವ ಭರಣಿ, ಯಾವ ಬಣ್ಣ? ಬುದ್ಧಿವಂತ ಕುಟುಂಬ ಕೊನೆಯದರಿಂದ ಆರಂಭಿಸಬೇಕು: ಯಾತಕ್ಕಾಗಿ?

ಉತ್ತರ ‘ನೋಡಿದವರು ಬೆರಗಾಗಲಿ’ ಎಂದಾದರೆ ಮೇಜು ಎಷ್ಟು ದೊಡ್ಡದಾದರೂ ಸಾಲದು. ಮುಂದಿನ ತಿಂಗಳು ಬೇರೊಬ್ಬರು ಇನ್ನೂ ಒಂದು ಗಜ ಉದ್ದದ ಮೇಜು ಹಾಕಿಸುತ್ತಾರೆ. ಉತ್ತರ ‘ಬಂದವರೆಲ್ಲರೂ, ಕೊನೆಯ ಮಗುವಿನವರೆಗೆ, ನಮ್ಮ ಸಂತೋಷದಲ್ಲಿ ಒಂದು ತುತ್ತು ಪಾಲು ಪಡೆಯಲಿ’ ಎಂದಾದರೆ ಅದಕ್ಕೊಂದು ಅಳತೆ ತಾನಾಗಿಯೇ ದೊರಕುತ್ತದೆ.

ಅದೇ ಅರಿಸ್ಟಾಟಲನು ನೀತಿಶಾಸ್ತ್ರವನ್ನು ಕುರಿತು ಬರೆಯುವಾಗ ದೊಡ್ಡ ಸಂದರ್ಭಗಳಲ್ಲಿ ತಕ್ಕಂತೆ ವೆಚ್ಚ ಮಾಡುವುದನ್ನು ಒಂದು ಸದ್ಗುಣವೆಂದೇ ಎಣಿಸುತ್ತಾನೆ. ಮದುವೆ ಅಂಥ ಸಂದರ್ಭಗಳಲ್ಲಿ ಒಂದು. ಆ ಗುಣಕ್ಕೆ ಎರಡು ಕಡೆಯಲ್ಲೂ ದೋಷಗಳಿವೆ: ಒಂದು ಕಡೆ ಜಿಪುಣತನ, ಇನ್ನೊಂದು ಕಡೆ ಒಡ್ಡು ಪ್ರದರ್ಶನ. ಗೆಳೆಯರ ಸಣ್ಣ ಕೂಟಕ್ಕೆ ಮದುವೆಯ ಔತಣದಷ್ಟು ಖರ್ಚು ಮಾಡುವವನನ್ನು ಅವನು ಎರಡನೆಯ ದೋಷಕ್ಕೆ ಉದಾಹರಣೆಯಾಗಿ ಹೇಳುತ್ತಾನೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳರು ಇನ್ನೂ ದೋರಸಮುದ್ರದಲ್ಲಿ ನೆಲೆಸಿದ್ದಾಗಲೇ, ಸಂತ ತೋಮಸ್ ಅಕ್ವಿನಾಸರು ಈ ವಿಚಾರವನ್ನು ಎತ್ತಿಕೊಂಡು ಧರ್ಮಸಭೆಯ ಚಿಂತನೆಯಲ್ಲಿ ಸೇರಿಸಿದರು. ಅವರ ಕಾಲದಲ್ಲಿ ಸಕ್ಕರೆ ಅಥವಾ ಜೇನಿನಲ್ಲಿ ಕಲಸಿದ ಲೇಹ್ಯಗಳನ್ನು ಜೀರ್ಣಕ್ಕೆಂದು ತಿನ್ನುತ್ತಿದ್ದರು. ಅವುಗಳಿಂದ ಉಪವಾಸ ಭಂಗವಾಗುವುದೇ ಎಂಬ ಪ್ರಶ್ನೆಗೆ, ಔಷಧಿಯ ಅಳತೆಯಲ್ಲಿ ತಿಂದರೆ ಭಂಗವಿಲ್ಲ, ಅದನ್ನೇ ನೆಪಮಾಡಿಕೊಂಡು ಹೊಟ್ಟೆ ತುಂಬಿಸಿಕೊಂಡರೆ ಭಂಗ ಎಂಬರ್ಥದ ಉತ್ತರ ಅವರದು. ವಸ್ತು ಒಂದೇ, ಅಳತೆ ಮತ್ತು ಉದ್ದೇಶಗಳು ಅದನ್ನು ಬೇರೆ ಬೇರೆಯಾಗಿಸುತ್ತವೆ. ಸಿಹಿಮೇಜಿಗೂ ಈ ಮಾತು ಸಲ್ಲುತ್ತದೆ.

ಯಾವುದರಿಂದ?

ಆ ಹುಡುಗಿಯ ಅಜ್ಜಿ ಒಂದು ಮಾತು ಹೇಳಿದರು: “ಅಂಗಡಿಯ ಮಿಠಾಯಿಯೇ ಏಕೆ? ನಮ್ಮ ಅಟ್ಟದಲ್ಲಿ ಕೊಬ್ಬರಿ ಇಲ್ಲವೇ?” ಅರಸೀಕೆರೆ, ತಿಪಟೂರುಗಳ ಕಡೆ ಬಲಿತ ಕಾಯಿಗಳನ್ನು ಸಿಪ್ಪೆಯೊಡನೆ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಾಗ ಉಂಡೆ ಕೊಬ್ಬರಿ ಸಿದ್ಧ. ಅಂದರೆ ಈ ಊರಿನಲ್ಲಿ ಮದುವೆಯ ಸಿಹಿಗೆ ಒಂದು ವರ್ಷ ಮುಂಚೆಯೇ ಸಿದ್ಧತೆ ನಡೆದಿರುತ್ತದೆ. ನಾವು ಅದನ್ನು ಗಮನಿಸಿರುವುದಿಲ್ಲ. ಬೇಲೂರಿನ ಕಡೆಯ ಬೀಗರು ಕರಾವಳಿಯ ಮೂಲದ ಕೊಂಕಣಿ ಮನೆತನದವರು. ಅವರಲ್ಲಿ ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರವಿದೆ. ಹೀಗೆ ಎರಡು ಮನೆಗಳನ್ನೂ ಬೆಸೆಯುವ ವಸ್ತು ತೆಂಗಿನಕಾಯಿಯೇ ಆಗಿತ್ತು.

ಅವರು ಆರಿಸಿಕೊಂಡ ತಿನಿಸುಗಳು ಎಂಟು: ಕೊಬ್ಬರಿ ಮಿಠಾಯಿ, ಕಡಲೆ ಮಿಠಾಯಿ, ಸಕ್ಕರೆ ಅಚ್ಚು, ಬತ್ತಾಸು, ಬೀಗರ ಮನೆಯಿಂದ ಕಿಡಿಯೊ ಮತ್ತು ನೆವ್ರಿ, ಹುಣಸೆಹಣ್ಣಿನ ಚಿಗಳಿ, ಮಕ್ಕಳ ಸಂತೋಷಕ್ಕಾಗಿ ಕಾಗದ ಸುತ್ತಿದ ನಿಂಬೆಹುಳಿ ಪೆಪ್ಪರಮೆಂಟು. ಸಕ್ಕರೆ ಅಚ್ಚಿನ ಕೆಲಸಕ್ಕೆ ನೆರೆಮನೆಯ ಹಿಂದೂ ತಾಯಂದಿರು ತಮ್ಮ ಮರದ ಅಚ್ಚುಗಳನ್ನು ತಂದುಕೊಟ್ಟು ತಾವೇ ಕುಳಿತು ಕಲಿಸಿದರು. ಸಕ್ಕರೆಯ ಪಾಕಕ್ಕೆ ತುಸು ಹಾಲು ಹಾಕಿ ಕೊಳೆಯನ್ನು ಮೇಲೆಬ್ಬಿಸಿ ಬಟ್ಟೆಯಲ್ಲಿ ಸೋಸುವುದು, ನೀರಿನಲ್ಲಿ ನೆನೆಸಿಟ್ಟ ಅಚ್ಚುಗಳನ್ನು ಬಿಗಿಯಾಗಿ ಕಟ್ಟಿ ಪಾಕ ಹೊಯ್ಯುವುದು, ಗಟ್ಟಿಯಾದ ಮೇಲೆ ಮುಕ್ಕಾಗದಂತೆ ಬಿಡಿಸುವುದು, ಇದೆಲ್ಲ ಪುಸ್ತಕದಿಂದ ಬರುವ ವಿದ್ಯೆಯಲ್ಲ.

ವಸ್ತುವಿನ ವಿಷಯದಲ್ಲಿ ಕುಟುಂಬಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ.

ಒಂದು, ಹವೆ. ನಮ್ಮ ಮೂರು ಊರುಗಳು ಒಂದೇ ಜಿಲ್ಲೆಯವಾದರೂ ಹವೆಯಲ್ಲಿ ಒಂದೇ ಅಲ್ಲ. ಅರಸೀಕೆರೆ ಬಯಲುಸೀಮೆ; ಪಾಸ್ಕ ಹಬ್ಬದ ನಂತರದ ಮದುವೆಗಳ ಬಿಸಿಲಿನಲ್ಲಿ ಚಾಕೊಲೇಟು ಮೇಜಿನ ಮೇಲೆಯೇ ಕರಗುತ್ತದೆ. ಅದರೊಳಗಿನ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುವಂಥದು. ಬೇಲೂರು ಮಲೆನಾಡಿನ ಅಂಚು. ಅಲ್ಲಿಯ ತೇವಕ್ಕೆ ಬತ್ತಾಸು ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಊರು ನೋಡಿ ತಿನಿಸು ಆರಿಸಬೇಕು. ಭರಣಿಗಳಿಗೆ ಬಿಗಿ ಮುಚ್ಚಳವಿರಬೇಕು.

ಎರಡು, ಬಣ್ಣ. 2024ರ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ ಮಾದರಿಗಳಲ್ಲಿ ರೋಡಮಿನ್‌-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಕಂಡುಬಂದುದು ಅದಕ್ಕೆ ಕಾರಣ. ಮದುಮಗಳ ಸೀರೆಯ ಬಣ್ಣಕ್ಕೆ ಹೊಂದಲೆಂದು ಕಡುಗೆಂಪು ಮಿಠಾಯಿಯನ್ನು ಹುಡುಕುವವರು ಇದನ್ನು ನೆನಪಿಡಬೇಕು. ಬಣ್ಣ ಬೇಕಾದರೆ ಹೂವಿನಲ್ಲಿ ಇರಲಿ.

ಮೂರು, ನೆರೆಯವರ ನೇಮ. ಮದುವೆಗೆ ನಮ್ಮವರು ಮಾತ್ರ ಬರುವುದಿಲ್ಲ. ಜೆಲ್ಲಿ, ಮಾರ್ಷ್‌ಮ್ಯಾಲೊ ಮುಂತಾದ ಎಳೆಯುವ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಾಟಿನ್ ಇರುವುದುಂಟು. ಮಂಗಳೂರಿನ ಮ್ಯಾಕರೂನಿನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಲಿಂಗಾಯತ ನೆರೆಯವರು, ಮುಸ್ಲಿಂ ಸ್ನೇಹಿತರು, ಹೊಯ್ಸಳರ ಕಾಲದ ಬಸದಿಗಳನ್ನು ಇಂದಿಗೂ ಕಾಣುವ ಹಳೇಬೀಡಿನಂಥ ಊರಿನಲ್ಲಿ ಜೈನ ಅತಿಥಿಗಳು, ಇವರೆಲ್ಲರೂ ಸಂಕೋಚವಿಲ್ಲದೆ ಕೈ ಚಾಚುವಂತಿರಬೇಕು. ಜೈನರಲ್ಲಿ ಅನೇಕರು ಜೇನನ್ನೂ ಮುಟ್ಟುವುದಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಳ್ಳುವುದು, ಪ್ರತಿ ಭರಣಿಯ ಮುಂದೆ ಅದರಲ್ಲಿ ಏನೇನಿದೆ ಎಂದು ಕನ್ನಡದಲ್ಲಿ ಬರೆದಿಡುವುದು ಸೌಜನ್ಯದ ಕೆಲಸ. ಅತಿಥಿಯು ಕೇಳಿ ತಿಳಿಯಬೇಕಾದ ಮುಜುಗರವನ್ನು ನಾವೇ ತಪ್ಪಿಸಿದಂತಾಗುತ್ತದೆ.

ನಾಲ್ಕು, ಆರೋಗ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಬೆಲ್ಲದ ತಿನಿಸು ಅವರಿಗೆ ಹಿತವೆಂಬ ಮಾತು ಬರಿಯ ಸಮಾಧಾನ, ಬೆಲ್ಲವೂ ಸಕ್ಕರೆಯೇ. ಒಂದೆರಡು ಭರಣಿಗಳಲ್ಲಿ ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯ ಚೂರು ಇರಲಿ. ಆಗ ಅಜ್ಜಂದಿರೂ ಮೊಮ್ಮಕ್ಕಳ ಜೊತೆ ಮೇಜಿಗೆ ಬರಬಹುದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಗುಂಡನೆಯ ಗಟ್ಟಿ ಪೆಪ್ಪರಮೆಂಟೂ ಇಡಿಯ ಕಡಲೆಕಾಯಿ ಬೀಜವೂ ಗಂಟಲಿಗೆ ಸಿಕ್ಕಿಕೊಂಡು ಪ್ರಾಣಾಪಾಯ ತರಬಲ್ಲವು. ಅವುಗಳ ಭರಣಿ ಚಿಕ್ಕ ಕೈಗಳಿಗೆ ಎಟಕದಂತಿರಬೇಕು.

ಎಷ್ಟು?

ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿ. ಸಾಲವೂ ಇಲ್ಲಿಯೇ ಹುಟ್ಟುತ್ತದೆ. ಪಾಯಸ, ಕೇಕು, ಐಸ್‌ಕ್ರೀಮು ಎಲ್ಲವೂ ಇರುವ ನಮ್ಮ ಊಟದ ನಂತರ ದೊಡ್ಡವರಿಗೆ ತಲಾ 50 ಗ್ರಾಂ, ಮಕ್ಕಳಿಗೆ ತಲಾ 80 ಗ್ರಾಂ ಧಾರಾಳವಾಯಿತು. ಮುನ್ನೂರು ದೊಡ್ಡವರು, ನೂರು ಮಕ್ಕಳು ಬರುವ ಮದುವೆಗೆ 15 ಕಿಲೋ ಮತ್ತು 8 ಕಿಲೋ, ಒಟ್ಟು 23 ಕಿಲೋ. ಎಂಟು ಬಗೆಯಾದರೆ ಒಂದೊಂದೂ ಮೂರು ಕಿಲೋದ ಆಸುಪಾಸು. ಲೆಕ್ಕ ಇಷ್ಟೇ. ಆಯೋಜಕರ ಚಿತ್ರಗಳಲ್ಲಿ ಕಾಣುವ ತುಂಬಿ ತುಳುಕುವ ಭರಣಿಗಳು ತಿನ್ನುವವರ ಲೆಕ್ಕದವಲ್ಲ, ನೋಡುವವರ ಲೆಕ್ಕದವು. ಭರಣಿ ಚಿಕ್ಕದಿದ್ದರೆ ಮೂರು ಕಿಲೋವೂ ತುಂಬಿದಂತೆಯೇ ಕಾಣುತ್ತದೆ.

ಐವತ್ತು ಗ್ರಾಂ ಪೆಪ್ಪರಮೆಂಟಿನಲ್ಲಿ ಬಹುಪಾಲು ಸಕ್ಕರೆಯೇ. ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ, ಎಂದರೆ ಆರು ಚಮಚೆಗೆ, ಇಳಿಸುವುದು ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಆದ್ದರಿಂದ ಚೀಲವು ಅಂಗೈಯಷ್ಟಿರಲಿ. ಅದನ್ನು ಮನೆಗೊಯ್ದು ಹಂಚಿಕೊಂಡು ತಿನ್ನಲಿ. ಜೇನು ಸಿಕ್ಕಿದರೆ ಸಾಕಾಗುವಷ್ಟೇ ತಿನ್ನಬೇಕೆಂಬ ಎಚ್ಚರಿಕೆ ಪವಿತ್ರ ಗ್ರಂಥದ ಜ್ಞಾನೋಕ್ತಿಗಳಲ್ಲಿಯೇ ಇದೆ.

ಕಾಲದ ಲೆಕ್ಕವೂ ಮುಖ್ಯ. ಗಾಳಿಯಾಡದ ಡಬ್ಬದಲ್ಲಿಟ್ಟರೆ ಕೆಡದಿರುವ ಕಿಡಿಯೊ, ಸಕ್ಕರೆ ಅಚ್ಚುಗಳನ್ನು ಎರಡು ವಾರ ಮುಂಚೆ ಮಾಡಿಡಬಹುದು. ಕಡಲೆ ಮಿಠಾಯಿಗೆ ಒಂದು ವಾರ. ಹಸಿ ತೆಂಗಿನ ತುರಿಯಿಂದ ಮಾಡಿದ ಮಿಠಾಯಿಯನ್ನು ಎರಡು ಮೂರು ದಿನಕ್ಕಿಂತ ಹೆಚ್ಚು ನೆಚ್ಚುವಂತಿಲ್ಲ. ಅದು ಮುನ್ನಾದಿನದ ಕೆಲಸ. ಅಂಗಡಿಯಿಂದ ಬಿಡಿಯಾಗಿ ಕೊಳ್ಳುವ ಸಿಹಿತಿಂಡಿಗೂ ಯಾವ ದಿನದೊಳಗೆ ತಿನ್ನಬೇಕೆಂಬುದನ್ನು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕೇಳುವುದು ಗಿರಾಕಿಯ ಹಕ್ಕು.

ಯಾವ ರೂಪದಲ್ಲಿ?

ಅಲಂಕಾರ ಬೇಡವೆಂದು ನಾವು ಹೇಳುವುದಿಲ್ಲ. ಬೇಲೂರು ಹಳೇಬೀಡುಗಳ ಮಣ್ಣಿನಲ್ಲಿ ಬಾಳುವವರು ಹಾಗೆ ಹೇಳಿದರೆ ಕಲ್ಲುಗಳು ನಕ್ಕಾವು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರವೂ ಸೋಮನಾಥಪುರದ ಗುಡಿಯೊಂದಿಗೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿನ ಗೋಡೆಯನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿ, ಕುದುರೆ ಸವಾರರು, ಮೇಲಕ್ಕೆ ಕಥೆಗಳು. ಅಷ್ಟು ಸಮೃದ್ಧವಾದ ಕೆತ್ತನೆಯಲ್ಲೂ ಪ್ರತಿಯೊಂದಕ್ಕೂ ತನ್ನ ಸಾಲಿದೆ, ತನ್ನ ಎತ್ತರವಿದೆ. ಸಿಹಿಮೇಜಿಗೂ ಇಂಥ ಕ್ರಮ ಬೇಕು: ಎತ್ತರದ ಭರಣಿಗಳು ಹಿಂದೆ, ತಟ್ಟೆಗಳು ಮುಂದೆ, ಮಕ್ಕಳ ತಿನಿಸು ಮಕ್ಕಳ ಎತ್ತರದಲ್ಲಿ. ಚಿಮಟ ಅಥವಾ ಸೌಟು ಪ್ರತಿ ಭರಣಿಗೂ ಬೇರೆ ಇರಲಿ. ಕೈ ಹಾಕುವ ಅಭ್ಯಾಸ ತಪ್ಪುತ್ತದೆ. ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡುವ ಅಜ್ಜಿಯರ ಉಪಾಯಕ್ಕಿಂತ ಒಳ್ಳೆಯ ಇರುವೆ ಕಾವಲು ಇನ್ನೂ ಬಂದಿಲ್ಲ.

ಕಾನೂನಿನ ಮಾತೂ ಒಂದಿದೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷಿದ್ಧವಾದ ಒಮ್ಮೆ ಬಳಸುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಮಿಠಾಯಿಯ ಪ್ಲಾಸ್ಟಿಕ್ ಕಡ್ಡಿ, ಬಲೂನಿನ ಕಡ್ಡಿ, ಅಲಂಕಾರದ ಥರ್ಮೋಕೋಲು, ಪ್ಲಾಸ್ಟಿಕ್ ತಟ್ಟೆ ಚಮಚೆಗಳು, ಸಿಹಿ ಪೆಟ್ಟಿಗೆಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಎಲ್ಲವೂ ಇವೆ. ಯಾರೋ ಸಿಹಿಮೇಜನ್ನೇ ಎದುರಿಗಿಟ್ಟುಕೊಂಡು ಪಟ್ಟಿ ಬರೆದಂತಿದೆ! ಕಾಗದದ ಚೀಲ, ಮುತ್ತುಗದ ಎಲೆಯ ದೊನ್ನೆ, ಮನೆಯ ಸ್ಟೀಲು ತಟ್ಟೆ ಇವು ಸಾಕು, ಅಂದವೂ ಹೌದು.

ಯಾರಿಂದ?

ಕಾನಾ ಊರಿನ ಮದುವೆಯ ಪ್ರಸಂಗವನ್ನು ಪ್ರತಿ ಮದುವೆಯಲ್ಲೂ ನೆನೆಯುತ್ತೇವೆ. ದ್ರಾಕ್ಷಾರಸ ಮುಗಿದುಹೋದ ಮನೆ ಅದು. ಎಂದರೆ ಸಿದ್ಧತೆಯ ಲೆಕ್ಕ ಎಲ್ಲೋ ತಪ್ಪಿದ ಮನೆ. ಅದನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮ. ಸಂತ ಯೊವಾನ್ನರು ಹೇಳುವ ಆರು ಕಲ್ಲಿನ ಬಾನೆಗಳ ಅಳತೆಯನ್ನು ಇಂದಿನ ಲೆಕ್ಕಕ್ಕೆ ತಂದರೆ ಒಂದೊಂದೂ 80ರಿಂದ 120 ಲೀಟರು. ಒಟ್ಟು ಐದುನೂರು ಲೀಟರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಅಷ್ಟು ನೀರನ್ನು ಹೊತ್ತು ತುಂಬಿದವರು ಆಳುಗಳು. ರಸದ ರುಚಿ ನೋಡಿದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ; ನೀರು ಹೊತ್ತ ಆಳುಗಳಿಗೆ ತಿಳಿದಿತ್ತು. ಆ ಮದುವೆಯ ಗುಟ್ಟು ಮೊದಲ ಸಾಲಿನ ಅತಿಥಿಗಳ ಹತ್ತಿರ ಇರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿತ್ತು.

ಬೇಲೂರಿನ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಮಾಡಿದವರ ಹೆಸರು ನಿಲ್ಲಬೇಕೆಂಬ ಸಂಸ್ಕಾರ ಈ ಸೀಮೆಗೆ ಒಂಬೈನೂರು ವರ್ಷ ಹಳೆಯದು. ಈ ಮಾತನ್ನು ನಾವು ಆ ಕುಟುಂಬಕ್ಕೆ ಹೇಳಿದೆವು. ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಮದುವೆಯ ದಿನ ಬಲಿಪೂಜೆಯ ನಂತರ ಸತ್ಕಾರಕೂಟದಲ್ಲಿ ಸಿಹಿಮೇಜು ಇತ್ತು. ಪ್ರತಿ ಭರಣಿಯ ಮುಂದೆ ತಿನಿಸಿನ ಹೆಸರು, ಅದರ ಕೆಳಗೆ ಮಾಡಿದವರ ಹೆಸರು: ಅಜ್ಜಿ, ಇಬ್ಬರು ಅತ್ತೆಯರು, ಬೀಗರ ಮನೆಯ ಚಿಕ್ಕಮ್ಮ, ಅಚ್ಚು ತಂದುಕೊಟ್ಟ ನೆರೆಮನೆಯ ತಾಯಿ, ತೋಟದಲ್ಲಿ ಕಾಯಿ ಸುಲಿಯುವ ಹೆಂಗಸು. ಕೊನೆಯಾಕೆ ಓದು ಬಾರದವರು. ಅವರ ಮಗ ಬಂದು ಚೀಟಿಯನ್ನು ಓದಿ ಹೇಳಿದಾಗ ಎರಡು ಸಲ ಓದಿಸಿಕೊಂಡರು.

ಎಲ್ಲವೂ ಸಾಂಗವಾಗಿ ನಡೆಯಿತೆಂದು ಹೇಳಿದರೆ ಅದು ಪೂರ್ತಿ ನಿಜವಾಗದು. ಕೊಬ್ಬರಿ ಮಿಠಾಯಿ ಅರ್ಧ ಗಂಟೆಯೊಳಗೆ ಖಾಲಿಯಾಯಿತು. ಪೆಪ್ಪರಮೆಂಟು ಮಾತ್ರ ಉಳಿಯಿತು. ಆಯೋಜಕರ ಮೇಜನ್ನು ಕಂಡು ಬಂದಿದ್ದ ಒಂದಿಬ್ಬರು ಸಂಬಂಧಿಕರು ‘ಜಾತ್ರೆಯ ಅಂಗಡಿಯಂತಿದೆ’ ಎಂದು ತಮ್ಮತಮ್ಮಲ್ಲೇ ಆಡಿಕೊಂಡರು. ಆ ಮಾತು ತಂದೆಯ ಕಿವಿಗೂ ಬಿದ್ದಿತು. ಅವರ ಮುಖ ಕ್ಷಣಕಾಲ ಸಣ್ಣದಾದುದನ್ನು ನಾವು ಕಂಡೆವು. ಆದರೆ ಆ ಹೊತ್ತಿಗೆ ಬಾಗಿಲ ಹತ್ತಿರ ಯಾರೂ ನಿಂತಿರಲಿಲ್ಲ. ಆಳುಮಕ್ಕಳು ಮೇಜಿನ ಮುಂದೆಯೇ ಇದ್ದರು, ಯಾವ ಭರಣಿಯಿಂದ ಮೊದಲು ತೆಗೆದುಕೊಳ್ಳಬೇಕೆಂದು ತಿಳಿಯದೆ.

ಉಳಿದ ಸಿಹಿಯನ್ನು ಮರುದಿನ ಚೀಲಗಳಲ್ಲಿ ಕಟ್ಟಿ, ಮದುವೆಗೆ ಬರಲಾಗದ ರೋಗಿಗಳ ಮತ್ತು ವೃದ್ಧರ ಮನೆಗಳಿಗೆ ಯುವಜನರು ಕೊಂಡೊಯ್ದರು. ತಂದೆ ಸಾಲದ ಬಾಗಿಲು ತಟ್ಟಲಿಲ್ಲ. ಆ ಹಣ ಮಗಳ ಹೊಸ ಮನೆಯ ಪಾತ್ರೆಪಡಗಕ್ಕೆ ಹೋಯಿತು.

ಮದುವೆಯ ಸಿದ್ಧತೆಯಲ್ಲಿರುವ ಕುಟುಂಬಗಳಿಗೆ ನಮ್ಮ ಬಿನ್ನಹ ಇಷ್ಟೇ. ಸಿಹಿಮೇಜು ಬೇಕೆಂದರೆ ಇರಲಿ. ಸಂತೋಷಕ್ಕೆ ನಾವು ಅಡ್ಡಿಯಲ್ಲ. ಆದರೆ ಮುಂಗಡ ಕೊಡುವ ಮೊದಲು ಮನೆಯವರೆಲ್ಲರೂ ಒಂದು ಸಂಜೆ ಜಪಸರದ ನಂತರ ಒಟ್ಟಿಗೆ ಕುಳಿತು ಯಾತಕ್ಕಾಗಿ, ಯಾರಿಗಾಗಿ ಎಂದು ಕೇಳಿಕೊಳ್ಳಿ. ಮಗಳು ಹೇಳುವ ಉತ್ತರವನ್ನು ಪೂರ್ತಿ ಕೇಳಿ. ಮಿಕ್ಕ ಲೆಕ್ಕವನ್ನು ಅಜ್ಜಿಗೆ ಬಿಡಿ.